ಸಮುದ್ರದಡಿಯ ಮೀಥೇನ್: ಹೆದರಬೇಕಾದದ್ದು ಎಲ್ಲಿ?

2010ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ಕರಾವಳಿಯ ಜನರನ್ನು ಒಂದು ವದಂತಿ ನಿದ್ದೆಗೆಡಿಸಿತ್ತು. ಮೆಕ್ಸಿಕೊ ಕೊಲ್ಲಿಯ ತಳದಡಿ ಮೈಲಿಗಟ್ಟಲೆ ಅಗಲದ ಮೀಥೇನ್ ಗುಳ್ಳೆಯೊಂದು ಉಬ್ಬುತ್ತಿದೆ, ಅದು ಒಡೆದರೆ ಕಡಲತಳವೇ ಬಿರಿದು ಸುನಾಮಿ ಏಳುತ್ತದೆ, ಫ್ಲಾರಿಡಾ ಕೊಚ್ಚಿಹೋಗುತ್ತದೆ, ಕೋಟ್ಯಂತರ ವರ್ಷಗಳ ಹಿಂದಿನ ಜೀವವಿನಾಶ ಮರುಕಳಿಸುತ್ತದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಹೆದರಿದವರನ್ನು ದಡ್ಡರು ಎನ್ನಲಾಗದು. ಏಪ್ರಿಲ್ 20ರ ರಾತ್ರಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ರಿಗ್ ಸ್ಫೋಟಿಸಿ 11 ಮಂದಿ ಸತ್ತಿದ್ದರು. ಎರಡು ದಿನ ಉರಿದು ರಿಗ್ ಮುಳುಗಿತು. ಸುಮಾರು 1,500 ಮೀಟರ್ ನೀರಿನಡಿಯ ಮಕಾಂಡೊ ಬಾವಿಯಿಂದ ಎಣ್ಣೆ ಉಕ್ಕುವುದನ್ನು ಜಗತ್ತೇ ನೇರಪ್ರಸಾರದಲ್ಲಿ ನೋಡುತ್ತಿತ್ತು. ತಿಂಗಳುಗಟ್ಟಲೆ ಒಂದು ತೂತು ಮುಚ್ಚಲಾಗದವರು ‘ಇದಕ್ಕಿಂತ ಹೆಚ್ಚೇನೂ ಆಗುವುದಿಲ್ಲ’ ಎಂದರೆ ಯಾರು ನಂಬುತ್ತಾರೆ?

ಗುಳ್ಳೆ ಸಿಡಿಯಲಿಲ್ಲ. ಸಿಡಿಯಲು ಅಲ್ಲಿ ಗುಳ್ಳೆಯೇ ಇರಲಿಲ್ಲ. ನೆಲದಡಿಯ ಎಣ್ಣೆ, ಅನಿಲ ಎಂದಾಗ ನಮ್ಮ ಕಣ್ಣಮುಂದೆ ಬರುವುದು ದೊಡ್ಡದೊಂದು ಗುಹೆ, ಅದರಲ್ಲಿ ತುಂಬಿನಿಂತ ದ್ರವ. ಅಂಥ ಗುಹೆ ಇಲ್ಲ. ಕರಾವಳಿಯ ಮುರಕಲ್ಲು ಮಳೆನೀರನ್ನು ಹೀರಿ ಒಳಗಿಟ್ಟುಕೊಂಡಂತೆ, ಮರಳುಗಲ್ಲಿನ ಕಣಗಳ ನಡುವಿನ ಸಂದುಗಳಲ್ಲಿ ಎಣ್ಣೆಯೂ ಅನಿಲವೂ ಹರಡಿಕೊಂಡಿರುತ್ತವೆ. ಮಕಾಂಡೊದಲ್ಲಿ ಆ ಪದರ ಇದ್ದದ್ದು ಕಡಲತಳದಿಂದ ಸುಮಾರು 4 ಕಿಲೋಮೀಟರ್ ಕೆಳಗೆ. ಒತ್ತಡ ಅಪಾರವೇ, ಸುಮಾರು 800 ವಾಯುಮಂಡಲದಷ್ಟು. ಆದರೆ ಮೇಲಿನ ಬಂಡೆಯ ಭಾರ ಅದಕ್ಕಿಂತ ಹೆಚ್ಚು. ಅಷ್ಟು ದಪ್ಪ ಬಂಡೆಯನ್ನು ಎತ್ತಿ ಒಗೆಯುವ ಶಕ್ತಿ ಆ ಅನಿಲಕ್ಕಿಲ್ಲ. ಅದಕ್ಕಿದ್ದ ಒಂದೇ ಸಲೀಸಾದ ದಾರಿ ಮನುಷ್ಯ ಕೊರೆದ ಕೊಳವೆ.

ಆ ಕೊಳವೆಯಲ್ಲಿ ಅಂದು ನಡೆದದ್ದೇ ನಿಜವಾದ ಮೀಥೇನ್ ದುರಂತ. ಬಾವಿ ಕೊರೆಯುವಾಗ ಅದರಲ್ಲಿ ‘ಮಡ್’ ಎಂಬ ಭಾರವಾದ ಕೆಸರುದ್ರವ ತುಂಬಿರುತ್ತಾರೆ. ಅದರ ತೂಕವೇ ಅನಿಲವನ್ನು ಕೆಳಗೆ ಅದುಮಿಡುತ್ತದೆ. ಕೊರೆತ ಮುಗಿದು ತಳಕ್ಕೆ ಸಿಮೆಂಟ್ ಹಾಕಿದ ಮೇಲೆ, ಬಾವಿಯನ್ನು ತಾತ್ಕಾಲಿಕವಾಗಿ ಮುಚ್ಚಿ ಹೊರಡುವ ಮುನ್ನ, ಮಡ್ ತೆಗೆದು ಹಗುರವಾದ ಸಮುದ್ರದ ನೀರು ತುಂಬುತ್ತಾರೆ. ಸಿಮೆಂಟ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೊದಲೊಂದು ಪರೀಕ್ಷೆ ಮಾಡುತ್ತಾರೆ: ಒತ್ತಡ ಇಳಿಸಿ ಕಾಯುವುದು. ಎಲ್ಲ ಸರಿಯಿದ್ದರೆ ಮಾಪಕ ಸೊನ್ನೆಯಲ್ಲೇ ನಿಲ್ಲಬೇಕು. ಅಂದು ಸಂಜೆ ಕೊರೆಕೊಳವೆಯ ಮಾಪಕ 1,400 ಪಿಎಸ್‌ಐ (ಒತ್ತಡದ ಒಂದು ಅಳತೆ) ತೋರಿಸುತ್ತಿತ್ತು. ಪಕ್ಕದ ಇನ್ನೊಂದು ಸಣ್ಣ ಕೊಳವೆಯಲ್ಲಿ ಹರಿವೇ ಇರಲಿಲ್ಲ. ಒಂದೇ ಬಾವಿಗೆ ಸೇರಿದ ಎರಡು ಕೊಳವೆಗಳು ಬೇರೆ ಬೇರೆ ಮಾತು ಹೇಳುತ್ತಿದ್ದವು. ರಿಗ್‌ನವರು 1,400ಕ್ಕೊಂದು ವಿವರಣೆ ಹುಡುಕಿಕೊಂಡು ಇನ್ನೊಂದು ಕೊಳವೆಯನ್ನು ನಂಬಿದರು. ಪರೀಕ್ಷೆ ಪಾಸಾಯಿತು ಎಂದು ಕೆಲಸ ಮುಂದುವರಿಸಿದರು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಗಳಿಗೆಯೇ.

ಮಡ್ ಹೊರಬಂದಂತೆ ಬಾವಿಯ ತೂಕ ಇಳಿಯಿತು, ಅನಿಲ ಒಳನುಗ್ಗಿತು. ಆಳದಲ್ಲಿ ಅದುಮಿಟ್ಟ ಅನಿಲ ಮೇಲೇರುತ್ತ ಹಿಗ್ಗುತ್ತದೆ. ಕಡಲತಳದಲ್ಲಿ ಒಂದು ಲೀಟರ್ ಜಾಗದಲ್ಲಿದ್ದದ್ದು ಮೇಲೆ ಬರುವಷ್ಟರಲ್ಲಿ ಸರಿಸುಮಾರು 150 ಲೀಟರ್ ಆಗುತ್ತದೆ, ಅದರಲ್ಲೂ ಬಹುಪಾಲು ಹಿಗ್ಗುವುದು ಕಟ್ಟಕಡೆಯ ಹತ್ತಾರು ಮೀಟರ್‌ಗಳಲ್ಲಿ. ಹೀಗಾಗಿ ಕೆಳಗೆ ಮೆಲ್ಲಗೆ ಶುರುವಾದದ್ದು ಮೇಲೆ ಒಮ್ಮೆಲೇ ಎರಗಿತು. ಮಡ್ ರಿಗ್‌ನ ಮೇಲೆ ಚಿಮ್ಮಿತು, ಹಿಂದೆಯೇ ಅನಿಲ ಹರಡಿತು, ಎಂಜಿನ್‌ಗಳು ಅದನ್ನು ಒಳಗೆಳೆದುಕೊಂಡು ಹುಚ್ಚು ವೇಗದಲ್ಲಿ ತಿರುಗಿದವು, ಬೆಂಕಿ ಹೊತ್ತಿತು. ಕಡಲತಳದಲ್ಲಿ ಬಾವಿಯ ಬಾಯಿಗೆ ಕೂರಿಸಿದ್ದ ಬ್ಲೋಔಟ್ ಪ್ರಿವೆಂಟರ್ ಎಂಬ ಯಂತ್ರ ಇಂಥ ಗಳಿಗೆಗೆಂದೇ ಇದ್ದದ್ದು. ಐದು ಅಂತಸ್ತಿನಷ್ಟು ಎತ್ತರ, 300 ಟನ್‌ಗೂ ಹೆಚ್ಚು ಭಾರ. ಅದರ ಉಕ್ಕಿನ ಅಲಗುಗಳು ಎರಡೂ ಕಡೆಯಿಂದ ಬಂದು ಕೊಳವೆಯನ್ನು ಕತ್ತರಿಸಿ ಬಾವಿಯನ್ನು ಮುಚ್ಚಬೇಕಿತ್ತು. ಒತ್ತಡಕ್ಕೆ ಒಳಗಿನ ಕೊಳವೆ ಬಾಗಿ ನಡುವಿನಿಂದ ಸರಿದಿತ್ತು, ಅಲಗುಗಳಿಗೆ ಅದು ಪೂರ್ತಿ ಸಿಗಲಿಲ್ಲ.

ಮೇಲೆ ಬೆಂಕಿಯಾದ ಇದೇ ಮೀಥೇನ್ ತಳದಲ್ಲಿ ಏನು ಮಾಡಿತು ನೋಡಿ. ಮೇ ಮೊದಲ ವಾರ ಸುಮಾರು 100 ಟನ್ ತೂಕದ ಉಕ್ಕಿನ ಗೂಡೊಂದನ್ನು ಸೋರಿಕೆಯ ಮೇಲೆ ಕವುಚಿ, ಅದರ ನೆತ್ತಿಯಿಂದ ಎಣ್ಣೆಯನ್ನು ಹಡಗಿಗೆ ಹೀರಿಕೊಳ್ಳುವ ಪ್ರಯತ್ನ ನಡೆಯಿತು. ಗೂಡು ಜಾಗಕ್ಕೆ ಬರುತ್ತಿದ್ದಂತೆ ಒಳಗೆಲ್ಲ ಹಿಮದಂಥ ಬಿಳಿ ವಸ್ತು ಮೆತ್ತಿಕೊಂಡು ನೆತ್ತಿಯ ಕಿಂಡಿ ಮುಚ್ಚಿಹೋಯಿತು. ಆ ವಸ್ತು ನೀರಿಗಿಂತ ಹಗುರ, ಅಷ್ಟು ಭಾರದ ಗೂಡನ್ನೇ ಅದು ಮೇಲೆತ್ತತೊಡಗಿತು. ಗೂಡನ್ನು ಪಕ್ಕಕ್ಕೆ ಸರಿಸಿಡಬೇಕಾಯಿತು. ಅದು ಮೀಥೇನ್ ಹೈಡ್ರೇಟ್. ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಚಳಿ, 150 ವಾಯುಮಂಡಲದ ಒತ್ತಡ ಇದ್ದಲ್ಲಿ ನೀರಿನ ಅಣುಗಳು ಪಂಜರ ಕಟ್ಟಿಕೊಂಡು ಒಂದೊಂದು ಮೀಥೇನ್ ಅಣುವನ್ನು ಒಳಗೆ ಕೂಡಿಹಾಕುತ್ತವೆ. ಒಂದು ಘನಮೀಟರ್ ಹೈಡ್ರೇಟ್ ಕರಗಿದರೆ 160 ಘನಮೀಟರ್‌ಗೂ ಹೆಚ್ಚು ಅನಿಲ ಹೊರಬರುತ್ತದೆ. ವದಂತಿಗೆ ಬಲ ಬಂದದ್ದು ಇಂಥ ಅಂಕಿಯಿಂದ. ಆದರೆ ಕರಗಬೇಕಾದರೆ ಹೈಡ್ರೇಟ್ ಸುತ್ತಲಿನ ಶಾಖವನ್ನು ಹೀರಬೇಕು. ಹೀರಿದಂತೆ ನೆರೆಯ ಪದರ ತಣ್ಣಗಾಗುತ್ತದೆ, ಕರಗುವುದು ನಿಧಾನವಾಗುತ್ತದೆ. ಸಿಡಿಮದ್ದಿನ ಹಾಗೆ ಒಂದರಿಂದ ಇನ್ನೊಂದಕ್ಕೆ ಹೊತ್ತಿಕೊಂಡು ಹೋಗುವ ಗುಣ ಅದಕ್ಕಿಲ್ಲ.

ಹಾಗೆಂದು ವದಂತಿಯಲ್ಲಿ ಸತ್ಯದ ಎಳೆಯೇ ಇರಲಿಲ್ಲ ಎನ್ನುವುದೂ ತಪ್ಪು. 1969ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ ಯೂನಿಯನ್ ಆಯಿಲ್ ಕಂಪನಿಯ ಬಾವಿ ಉಕ್ಕಿದಾಗ ಕೆಲಸಗಾರರು ಅದನ್ನು ಬೇಗನೆ ಮುಚ್ಚಿಬಿಟ್ಟರು. ಒಳಗೆ ಸಿಕ್ಕಿಬಿದ್ದ ಒತ್ತಡ ಬಾವಿಯ ಪಕ್ಕದ ಸಡಿಲ ಪದರಗಳಿಗೆ ನುಗ್ಗಿ, ಕಡಲತಳದ ಬಿರುಕುಗಳಿಂದ ಎಣ್ಣೆ, ಅನಿಲ ಎರಡೂ ಹೊರಚಿಮ್ಮಿದವು. ಬಿರುಕನ್ನು ಮುಚ್ಚಲು ಯಾವ ಮುಚ್ಚಳವೂ ಇಲ್ಲ. 2010ರ ಜುಲೈ 15ರಂದು, ಸ್ಫೋಟವಾಗಿ 87ನೇ ದಿನ, ಮಕಾಂಡೊಗೆ ಹೊಸ ಮುಚ್ಚಳ ಹಾಕಿ ಹರಿವು ನಿಲ್ಲಿಸಿದಾಗ ಎಂಜಿನಿಯರುಗಳು ಉಸಿರು ಬಿಗಿಹಿಡಿದದ್ದು ಇದಕ್ಕೇ. ಒತ್ತಡ 7,500 ಪಿಎಸ್‌ಐ ದಾಟಿದರೆ ಬಾವಿ ಗಟ್ಟಿ, 6,000ದ ಕೆಳಗಿದ್ದರೆ ಎಲ್ಲೋ ಬದಿಯಿಂದ ಸೋರುತ್ತಿದೆ ಎಂಬುದು ಲೆಕ್ಕ. ಬಂದದ್ದು ಎರಡಕ್ಕೂ ನಡುವಿನ ಅಂಕಿ. ಮುಚ್ಚಳ ತೆಗೆದು ಎಣ್ಣೆಯನ್ನು ಮತ್ತೆ ಸಮುದ್ರಕ್ಕೆ ಬಿಡುವ ಮಾತೂ ಬಂತು.

ಆಗ ನೆರವಾದವರು ಎಣ್ಣೆ ಉದ್ಯಮದವರಲ್ಲ, ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಅಂತರ್ಜಲ ವಿಜ್ಞಾನಿ ಪಾಲ್ ಶೇ. ಒತ್ತಡದ ನಕ್ಷೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅವರಿಗೆ ಕಳಿಸಲಾಯಿತು. ನೆಲದೊಳಗೆ ನೀರು ಹರಿಯುವ ಬಗೆಯನ್ನು ಲೆಕ್ಕಹಾಕುವ ತಮ್ಮ ಕಂಪ್ಯೂಟರ್ ಮಾದರಿಗೆ ಅವರು ರಾತ್ರಿಯಿಡೀ ಕೂತು ಎಣ್ಣೆಯ ಅಂಕಿಗಳನ್ನು ಉಣಿಸಿದರು. ಸುಮಾರು ಮೂರು ತಿಂಗಳು ಹರಿದು ಪದರವೇ ಬರಿದಾಗುತ್ತ ಬಂದದ್ದರಿಂದ ಒತ್ತಡ ಇಳಿದಿದೆ, ಬಾವಿ ಸೋರುತ್ತಿಲ್ಲ ಎಂದು ಬೆಳಗಾಗುವ ಹೊತ್ತಿಗೆ ತೋರಿಸಿದರು. ಮುಚ್ಚಳ ಹಾಗೇ ಉಳಿಯಿತು. ಸೆಪ್ಟೆಂಬರ್ 19ರಂದು ಬಾವಿಯನ್ನು ಶಾಶ್ವತವಾಗಿ ಮುಚ್ಚಿದ ಘೋಷಣೆಯಾಯಿತು.

ಬಾವಿಯಿಂದ ಹೊರಬಂದ ಮೀಥೇನ್ ಎಲ್ಲಿ ಹೋಯಿತು? ಬಹುಪಾಲು ಮೇಲಕ್ಕೇ ಬರಲಿಲ್ಲ. ಆಳದ ತಣ್ಣೀರಿನಲ್ಲಿ ಕರಗಿ, 800ರಿಂದ 1,200 ಮೀಟರ್ ಆಳದ ಪದರಗಳಲ್ಲಿ ಹರಡಿತು. ಅಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ವಿಜ್ಞಾನಿಗಳಾದ ಜಾನ್ ಕೆಸ್ಲರ್, ಡೇವಿಡ್ ವ್ಯಾಲಂಟೈನ್ ಮತ್ತವರ ಸಂಗಡಿಗರು ನೀರಿನಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಅಳೆದು, ಸುಮಾರು ನಾಲ್ಕು ತಿಂಗಳಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಎಲ್ಲವನ್ನೂ ಮುಗಿಸಿದವು ಎಂದು 2011ರಲ್ಲಿ ಪ್ರಕಟಿಸಿದರು. ಸಮಂತಾ ಜಾಯ್ ಮೊದಲಾದ ವಿಜ್ಞಾನಿಗಳು ಆ ಲೆಕ್ಕವನ್ನು ಪ್ರಶ್ನಿಸಿದರು, ವಾದ ಚೆನ್ನಾಗಿಯೇ ನಡೆಯಿತು.

ವದಂತಿಯಲ್ಲಿದ್ದ ಮಹಾವಿನಾಶದ ಮಾತಿಗೆ ಆಧಾರವಾಗಿ ಆಗ ಗ್ರೆಗರಿ ರಿಸ್ಕಿನ್ ಎಂಬ ಸಂಶೋಧಕರ 2003ರ ಪ್ರಬಂಧವನ್ನು ಎಳೆತಂದಿದ್ದರು. ಅದು ಗಂಭೀರವಾದ ಊಹೆಯೇ, ಆದರೆ ಅದರ ವಿಷಯ ಬೇರೆ. ಅಲುಗಾಡದೆ ನಿಂತ ಇಡೀ ಸಾಗರದ ಆಳದಲ್ಲಿ ದೀರ್ಘಕಾಲ ಮೀಥೇನ್ ಕರಗಿ ತುಂಬಿಕೊಂಡರೆ ಏನಾದೀತು ಎಂಬುದು ಅವರ ಪ್ರಶ್ನೆ. ಒಂದು ಕೊರೆಬಾವಿ ಅದಕ್ಕೆ ಕಿಡಿಯಾಗದು.

ಆಳದ ನೀರು ನಮ್ಮನ್ನು ಕಾಪಾಡಿತು ಎಂದಾದರೆ, ಚಿಂತೆ ಇರಬೇಕಾದದ್ದು ಆಳವಿಲ್ಲದ ಕಡೆ. 2022ರ ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದಲ್ಲಿ ನಾರ್ಡ್ ಸ್ಟ್ರೀಮ್ ಕೊಳವೆಗಳು ಸ್ಫೋಟದಿಂದ ಒಡೆದಾಗ ನೀರಿನ ಆಳ 100 ಮೀಟರ್ ಕೂಡ ಇರಲಿಲ್ಲ. ಕೆಲವೇ ದಿನಗಳಲ್ಲಿ ಲಕ್ಷಾಂತರ ಟನ್ ಮೀಥೇನ್ ಗಾಳಿಗೆ ಸೇರಿತು. 20 ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಉತ್ತರ ಸಮುದ್ರದಲ್ಲಿ 1990ರಲ್ಲಿ ಉಕ್ಕಿದ 22/4ಬಿ ಎಂಬ ಬ್ರಿಟಿಷ್ ಬಾವಿ ಕಡಲತಳದಲ್ಲಿ ದೊಡ್ಡ ಕುಳಿ ತೋಡಿತು. ಎರಡು ದಶಕ ಕಳೆದ ಮೇಲೂ ಅಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು, ಸುನಾಮಿ ಏಳಲಿಲ್ಲ, ಆದ್ದರಿಂದ ಸುದ್ದಿಯೂ ಆಗಲಿಲ್ಲ. ಮೆಕ್ಸಿಕೊ ಕೊಲ್ಲಿಯೊಂದರಲ್ಲೇ ಕೈಬಿಟ್ಟ ಬಾವಿಗಳು 27,000ಕ್ಕೂ ಹೆಚ್ಚಿವೆ ಎಂದು ಅಸೋಸಿಯೇಟೆಡ್ ಪ್ರೆಸ್ 2010ರಲ್ಲೇ ವರದಿ ಮಾಡಿತ್ತು. ಅವು ಸೋರುತ್ತಿವೆಯೇ ಎಂದು ಯಾರೂ ಹೋಗಿ ನೋಡುತ್ತಿಲ್ಲ ಎಂಬುದು ಆ ವರದಿಯ ಮುಖ್ಯ ಮಾತು. ಸಮುದ್ರದಡಿಯ ಮೀಥೇನ್ ಬಗ್ಗೆ ಸರ್ಕಾರಗಳನ್ನು, ಕಂಪನಿಗಳನ್ನು ಮೊದಲು ಕೇಳಬೇಕಾದದ್ದು ಈ ಬಾವಿಗಳ ತಪಾಸಣೆಯ ಲೆಕ್ಕವನ್ನು.