ರೋಡ್ಸ್ ನಗರದಲ್ಲಿ ಒಂದು ಹಗಲು

ದಾರಿಯಲ್ಲಿ ಅಕಸ್ಮಾತ್ತಾಗಿ ದೊರೆತ ಬಿಡುವು, ಉದ್ದೇಶಿಸಿ ಕೈಗೊಂಡ ಯಾತ್ರೆಗಿಂತಲೂ ಹೆಚ್ಚಿನ ಫಲವನ್ನು ಕೊಡುವುದುಂಟು. ಗ್ರೀಸ್ ದೇಶದ ಪಿರಿಯಸ್ ಬಂದರಿನಿಂದ ಹೊರಟು ತುರ್ಕಿಯ ಕರಾವಳಿಗೆ ಹೋಗುತ್ತಿದ್ದ ನಾವು, ಹಡಗು ಬದಲಾಯಿಸುವ ಸಲುವಾಗಿ ಒಂದು ದಿನ ಮುಂಜಾನೆ ರೋಡ್ಸ್ ದ್ವೀಪದಲ್ಲಿ ಇಳಿದೆವು. ಮುಂದಿನ ಹಡಗು ಸಂಜೆಗೆ. ಜೊತೆಗೆ ಯಾರೂ ಇರಲಿಲ್ಲ. ಗಂಟುಮೂಟೆಗಳನ್ನು ಒಂದೆಡೆ ಒಪ್ಪಿಸಿ, ಬರಿಗೈಯಲ್ಲಿ ಊರನ್ನು ನೋಡಲು ನಡೆದೆವು.

ರೋಡ್ಸ್ ಎಂದೊಡನೆ ಅನೇಕರಿಗೆ ನೆನಪಾಗುವುದು ಪುರಾತನ ಪ್ರಪಂಚದ ಏಳು ಅದ್ಭುತಗಳಲ್ಲೊಂದಾದ ಸೂರ್ಯದೇವನ ಕಂಚಿನ ವಿಗ್ರಹ. ಕ್ರಿ. ಪೂ. 226ರ ಸುಮಾರಿಗೆ ಅದು ಭೂಕಂಪದಿಂದ ಮುರಿದು ಬಿದ್ದಿತು. ಇಂದು ಹಡಗಿನಿಂದಲೇ ಕಣ್ಸೆಳೆಯುವುದು ಕೋಟೆ. ಸುಮಾರು ನಾಲ್ಕು ಕಿಲೋಮೀಟರು ಸುತ್ತಳತೆಯ ಈ ಕಲ್ಲಿನ ಗೋಡೆಯೊಳಗೆ ಮಧ್ಯಯುಗದ ಪಟ್ಟಣವು ಪಟ್ಟಣವಾಗಿಯೇ ಉಳಿದಿದೆ. ಜನರು ಈಗಲೂ ಅಲ್ಲಿ ಮನೆ ಮಾಡಿಕೊಂಡಿದ್ದಾರೆ.

ಈ ಕೋಟೆಯನ್ನು ಬಲಪಡಿಸಿದವರು ಸಂತ ಯೋಹಾನನ ಪಂಗಡದ ನೈಟರು. ಇವರು ಸಂನ್ಯಾಸವ್ರತವನ್ನೂ ಖಡ್ಗವನ್ನೂ ಒಟ್ಟಿಗೆ ಹಿಡಿದವರು. ಜೆರೂಸಲೇಮಿನ ಯಾತ್ರಿಕರಲ್ಲಿ ರೋಗಿಗಳಾದವರ ಶುಶ್ರೂಷೆಗೆಂದು ಹುಟ್ಟಿದ ಈ ಪಂಗಡವು, ಕಾಲಕ್ರಮದಲ್ಲಿ ಸೈನ್ಯವಾಗಿ, 1309ರ ಹೊತ್ತಿಗೆ ರೋಡ್ಸನ್ನು ವಶಮಾಡಿಕೊಂಡಿತು. 1478ರಲ್ಲಿ ಕಟ್ಟಿದ ಸಮುದ್ರದ ಬಾಗಿಲಿನಿಂದ ಒಳಹೊಕ್ಕು ಸ್ವಲ್ಪ ದೂರ ನಡೆದರೆ ಇವರ ದೊಡ್ಡ ಆಸ್ಪತ್ರೆ. 1440ರಲ್ಲಿ ಪ್ರಾರಂಭವಾಗಿ 1489ರಲ್ಲಿ ಮುಗಿದ ಈ ಕಟ್ಟಡವು ಈಗ ವಸ್ತುಸಂಗ್ರಹಾಲಯ. ಮಹಡಿಯ ಮೇಲೆ ನಡುವೆ ಕಂಬಗಳ ಸಾಲುಳ್ಳ ವಿಶಾಲವಾದ ರೋಗಿಗಳ ಶಾಲೆ. ಮಲಗಿದವರಿಗೆ ಪೂಜೆ ಕಾಣುವಂತೆ ಗೋಡೆಯಲ್ಲಿಯೇ ಒಂದು ಪುಟ್ಟ ಗುಡಿಯ ಏರ್ಪಾಡು. ಕತ್ತಿಯ ಖ್ಯಾತಿಗಿಂತ ಈ ಶಾಲೆಯ ತಂಪು ನಮಗೆ ಹೆಚ್ಚು ಗೌರವಾರ್ಹವಾಗಿ ತೋರಿತು.

ಆಸ್ಪತ್ರೆಯಿಂದ ಮೇಲಕ್ಕೆ ಏರುವ ನೈಟರ ಬೀದಿಯು ಉರುಟುಗಲ್ಲು ಹಾಸಿದ ನೇರವಾದ ದಾರಿ. ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದ ನಾಡುಗಳಿಂದ ಬಂದವರು ತಂತಮ್ಮ ನುಡಿಗನುಸಾರ ಪಂಗಡಗಳಾಗಿ, ಇಲ್ಲಿ ಬೇರೆ ಬೇರೆ ಛತ್ರಗಳನ್ನು ಕಟ್ಟಿಕೊಂಡಿದ್ದರು. ಬೀದಿಯ ತುದಿಯಲ್ಲಿ ಮಹಾಧಿಪತಿಯ ಅರಮನೆ. ಅದು 1856ರಲ್ಲಿ ಸಿಡಿಮದ್ದಿನ ಸ್ಫೋಟದಿಂದ ಹಾಳಾಯಿತು. ಈಗ ಕಾಣುವುದು ಇಟಲಿಯವರು 1940ರಲ್ಲಿ ಕಟ್ಟಿ ಮುಗಿಸಿದ್ದು.

1480ರಲ್ಲಿ ತುರ್ಕರ ಮುತ್ತಿಗೆಯನ್ನು ಈ ಕೋಟೆ ತಡೆಯಿತು. 1522ರಲ್ಲಿ ಸುಲ್ತಾನ್ ಸುಲೇಮಾನನು ತಾನೇ ಬಂದು ಸುಮಾರು ಆರು ತಿಂಗಳು ಮುತ್ತಿದಾಗ ನೈಟರು ಶರಣಾದರು. 1523ರ ಜನವರಿ 1ರಂದು, ಪ್ರಾಣಸಹಿತ ಹೋಗಲು ಅಪ್ಪಣೆ ಪಡೆದು, ಹಡಗೇರಿ ಹೊರಟುಹೋದರು. ಆ ಬಳಿಕ 1912ರ ವರೆಗೆ ತುರ್ಕರು, ಅನಂತರ ಇಟಲಿಯವರು ಆಳಿದರು. 1948ರಲ್ಲಿ ದ್ವೀಪವು ವಿಧಿವತ್ತಾಗಿ ಗ್ರೀಸಿಗೆ ಸೇರಿತು.

ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಅಂಗಡಿಬೀದಿಯನ್ನು ಬಿಟ್ಟು ಓಣಿಗಳಿಗೆ ತಿರುಗಿದೆವು. ಭೂಕಂಪಕ್ಕೆ ಅಂಜಿ ಎದುರುಬದುರು ಮನೆಗಳ ನಡುವೆ ಕಮಾನುಗಳನ್ನು ಕಟ್ಟಿದ್ದಾರೆ. ಒಂದೆಡೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ವೃದ್ಧೆಯೊಬ್ಬಳು ಹೊಸ್ತಿಲಿನ ಮುಂದೆ ನೀರು ಚಿಮುಕಿಸುತ್ತಿದ್ದಳು. ಹೀಗೆ ನಡೆಯುತ್ತ ಯೆಹೂದ್ಯರ ಕೇರಿಯನ್ನು ಸೇರಿದೆವು. 1577ರಲ್ಲಿ ಕಟ್ಟಿದ ಕಹಾಲ್ ಶಾಲೋಮ್ ಎಂಬ ಅವರ ಪ್ರಾರ್ಥನಾ ಮಂದಿರ ಇಲ್ಲಿದೆ. ಅದರ ಪಕ್ಕದ ಕೋಣೆಗಳಲ್ಲಿ ಹಿಂದಿನ ಕುಟುಂಬಗಳ ಭಾವಚಿತ್ರಗಳನ್ನು ಇರಿಸಿದ್ದಾರೆ. ತಾಯಿಯ ಮಡಿಲಲ್ಲಿ ಮಗು, ಅಣ್ಣತಮ್ಮಂದಿರು, ಹೊಸ ದಂಪತಿಗಳು. ಯಾವ ಮನೆಯ ಗೋಡೆಯ ಮೇಲಾದರೂ ಕಾಣಬಹುದಾದ ಚಿತ್ರಗಳೇ ಅವು.

ಈ ಕುಟುಂಬಗಳಲ್ಲಿ ಅನೇಕರ ಪೂರ್ವಿಕರು 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟವರು. ನೂರಾರು ವರ್ಷಗಳು ಕಳೆದರೂ ಅವರು ಮನೆಯಲ್ಲಿ ಹಳೆಯ ಸ್ಪಾನಿಷ್ ನುಡಿಯನ್ನೇ ಆಡುತ್ತಿದ್ದರು. 1944ರ ಜುಲೈ ತಿಂಗಳಲ್ಲಿ, ದ್ವೀಪವನ್ನು ಆಕ್ರಮಿಸಿದ್ದ ಜರ್ಮನರು ಇವರನ್ನು ಹೆಂಗಸರು ಮಕ್ಕಳೆನ್ನದೆ ಹಿಡಿದು, ದೋಣಿಗಳಲ್ಲಿ ತುಂಬಿ, ದೂರದ ಆಶ್‌ವಿಟ್ಸ್ ಮೃತ್ಯುಶಿಬಿರಕ್ಕೆ ಸಾಗಿಸಿದರು. ಹಾಗೆ ಹೋದವರು ಸುಮಾರು 1,700 ಮಂದಿ. ಬದುಕಿ ಉಳಿದವರು 150ರಷ್ಟು ಮಾತ್ರ.

ಆ ದಿನಗಳಲ್ಲಿ ಸಲಾಹತ್ತಿನ್ ಉಲ್ಕುಮೆನ್ ಎಂಬವರು ಇಲ್ಲಿ ತುರ್ಕಿಯ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದರು. ಅವರು ಜರ್ಮನ್ ಸೇನಾಧಿಕಾರಿಯ ಬಳಿಗೆ ಹೋಗಿ, ತಮ್ಮ ದೇಶದ ಪ್ರಜೆಗಳನ್ನು ಬಿಡಬೇಕೆಂದು ಹಟಹಿಡಿದರು. ಅಷ್ಟೇ ಅಲ್ಲ, ತುರ್ಕಿಯ ಪ್ರಜೆಯನ್ನು ವಿವಾಹವಾದವರೂ ತುರ್ಕಿಯ ಪ್ರಜೆಗಳೇ ಎಂಬ ಕಾಯಿದೆಯನ್ನು ಮುಂದಿಟ್ಟರು. ಅಂತಹ ಕಾಯಿದೆಯೇ ಇರಲಿಲ್ಲವೆಂದು ಆ ಮೇಲೆ ತಿಳಿದುಬಂದಿತು! ಆ ಮಾತಿನಿಂದ ನಲವತ್ತಕ್ಕೂ ಹೆಚ್ಚು ಜೀವಗಳು ಉಳಿದುವು.

ಕೇರಿಯ ಚೌಕದಲ್ಲಿ ಕಡಲಕುದುರೆಗಳ ಕಾರಂಜಿಯೊಂದಿದೆ. ಮಡಿದವರ ನೆನಪಿಗಾಗಿ ಕಪ್ಪು ಕಲ್ಲೊಂದನ್ನು ನಿಲ್ಲಿಸಿದ್ದಾರೆ. ನಾವು ಅಲ್ಲಿ ಬಹಳ ಹೊತ್ತು ಕುಳಿತಿದ್ದೆವು.

ಸಂಜೆ ಹಡಗು ಬಂದರನ್ನು ಬಿಟ್ಟಾಗ ಕೋಟೆಯ ಗೋಡೆ ಹೊಂಬಣ್ಣಕ್ಕೆ ತಿರುಗಿತ್ತು. ಫಿರಂಗಿಗಳನ್ನು ತಡೆದ ಆ ಗೋಡೆ ತನ್ನೊಳಗಿನ ಮಕ್ಕಳನ್ನು ಕಾಯಲಾರದೆ ಹೋಯಿತು. ಕಾದದ್ದು ಒಬ್ಬ ಪರದೇಶಿಯ ಧೈರ್ಯ. ನೆರೆಯವನ ಬಾಗಿಲನ್ನು ಬಡಿಯುವ ಕೈಯನ್ನು ತಡೆಯಲು ಇನ್ನೊಬ್ಬ ನೆರೆಯವನು ಎದ್ದು ಬರುವ ಊರೇ ಭದ್ರವಾದ ಊರೆಂದು ನಮಗೆ ಆ ಒಂದು ಹಗಲು ಕಲಿಸಿತು.