ಬೋಧನೆಯಲ್ಲಿ ಆಕ್ಷೇಪದ ಸ್ಥಾನ

ವ್ಯಾಖ್ಯಾನಕ್ಕೆ ಐದು ಲಕ್ಷಣಗಳುಂಟೆಂಬುದು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ವಿದಿತವೇ ಇದೆ: ಪದಗಳನ್ನು ಬಿಡಿಸುವುದು, ಅವುಗಳ ಅರ್ಥವನ್ನು ಹೇಳುವುದು, ಸಮಾಸಗಳ ವಿಗ್ರಹ, ವಾಕ್ಯಯೋಜನೆ, ಕಡೆಯದಾಗಿ ಆಕ್ಷೇಪಕ್ಕೆ ಸಮಾಧಾನ. ಮೊದಲ ನಾಲ್ಕನ್ನು ಗುರುವು ಹೇಳಿಕೊಟ್ಟು ಶಿಷ್ಯನು ಒಪ್ಪಿಸಬಹುದು. ಐದನೆಯದು ಹಾಗಲ್ಲ, ಆಕ್ಷೇಪವು ಹುಟ್ಟಬೇಕಾದುದು ಶಿಷ್ಯನ ಬುದ್ಧಿಯಲ್ಲಿಯೇ. ಸೃಜನಶೀಲತೆ, ಸಂವಹನ, ಸಮಸ್ಯಾಪರಿಹಾರ ಎಂದು ಇಂದಿನ ಶಿಕ್ಷಣಜ್ಞರು ಬೇರೆ ಬೇರೆ ಹೆಸರಿಟ್ಟು ಹೇಳುವ ಮೂರೂ ಈ ಐದನೆಯ ಲಕ್ಷಣದಲ್ಲಿ ಕೂಡಿಯೇ ಇವೆ. ನಮ್ಮ ತರಗತಿಗಳಲ್ಲಿ ಬಿಟ್ಟುಹೋಗಿರುವುದೂ ಅದೊಂದೇ. ಹಾಸನದ ಸೀಮೆಯಲ್ಲಿ ಕಂಡ ಕೆಲವು ಸಂಗತಿಗಳಿಂದ ಇದನ್ನು ವಿವರಿಸುತ್ತೇನೆ.

ಸೃಜನಶೀಲತೆಯೆಂಬ ಮಾತು ಹೊಸದು, ಪ್ರತಿಭೆಯೆಂಬುದು ಹಳೆಯದು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಂಗಡಿಸಿದನು. ಮೊದಲನೆಯದು ರಚಿಸುವವನದು, ಎರಡನೆಯದು ಗ್ರಹಿಸುವವನದು. ಗ್ರಹಿಸುವುದಕ್ಕೂ ಪ್ರತಿಭೆ ಬೇಕೆಂಬ ಈ ಮಾತು ಉಪಾಧ್ಯಾಯರಿಗೆ ಬಹಳ ಉಪಯುಕ್ತವಾದುದು. ಪ್ರಶ್ನೆ ಕೇಳುವ ಬಾಲಕನು ಕವಿಯಲ್ಲದಿರಬಹುದು, ಆದರೆ ಪ್ರತಿಭಾಹೀನನಲ್ಲ.

ಪಾಠಶಾಲೆಗಳಲ್ಲಿ ಸಮಸ್ಯಾಪೂರ್ತಿಯೆಂಬುದೊಂದು ವಿನೋದವಿತ್ತು. ಅಸಂಬದ್ಧವಾಗಿ ತೋರುವ ಕಡೆಯ ಪಾದವನ್ನು ಒಬ್ಬನು ಕೊಡುವನು; ಉಳಿದ ಮೂರು ಪಾದಗಳನ್ನು ಕಟ್ಟಿ ಅದನ್ನು ಸುಸಂಬದ್ಧವಾಗಿಸುವುದು ಮತ್ತೊಬ್ಬನ ಕೆಲಸ. ಅವಧಾನಗಳಲ್ಲಿ ಇದು ಈಗಲೂ ನಡೆಯುತ್ತದೆ. ಛಂದಸ್ಸನ್ನು ಬಿಟ್ಟು ಕೇವಲ ಗದ್ಯದಲ್ಲಿ ಇದನ್ನೇ ಮಕ್ಕಳಿಗೆ ಕೊಡಬಹುದೆಂದು ನನಗೆ ತೋರಿದುದು ತಡವಾಗಿ. ಹೊಳೆನರಸೀಪುರದ ಸಮೀಪದ ಒಂದು ಶಾಲೆಯಲ್ಲಿ, ‘ಮಳೆ ಹೆಚ್ಚಾದುದರಿಂದ ಕೆರೆ ಬತ್ತಿತು’ ಎಂಬ ವಾಕ್ಯವನ್ನು ಬರೆದು, ಇದು ಹೇಗೆ ಕೂಡುವುದೆಂದು ಕೇಳಿದೆನು. ಮೊದಲು ಎಲ್ಲರೂ ನಕ್ಕರು. ಬಳಿಕ ಒಬ್ಬನು, ಹೆಚ್ಚು ಮಳೆಗೆ ಏರಿ ಒಡೆದು ನೀರೆಲ್ಲ ಹರಿದುಹೋಯಿತೆಂದನು. ಇನ್ನೊಬ್ಬಳು, ಏರಿ ಒಡೆದೀತೆಂಬ ಹೆದರಿಕೆಯಿಂದ ತೂಬು ಎತ್ತಿದವರು ಮರಳಿ ಮುಚ್ಚಲು ಮರೆತರೆಂದಳು. ಎರಡನೆಯ ಉತ್ತರ ನನಗೆ ಹೊಳೆದಿರಲಿಲ್ಲ. ಕಟ್ಟು ಇದ್ದಾಗಲೇ ಪ್ರತಿಭೆ ಚುರುಕಾಗುವುದು. ‘ನಿನಗೆ ತೋರಿದುದನ್ನು ಬರೆ’ ಎಂದರೆ ಮಗು ಸುಮ್ಮನೆ ಕೂರುವುದುಂಟು.

ಗಣಿತದಲ್ಲಿಯೂ ಹೀಗೆಯೇ. 9ನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಕಡೆಯ ಅಧ್ಯಾಯವು ಛಾಯಾವ್ಯವಹಾರ, ಎಂದರೆ ನೆರಳಿನ ಲೆಕ್ಕ. ಎಂ. ರಂಗಾಚಾರ್ಯರು ಇದನ್ನು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಚನ್ನರಾಯಪಟ್ಟಣದ ಕಡೆ ತೆಂಗಿನ ಮರಕ್ಕೆ ಬರವಿಲ್ಲವಷ್ಟೆ. ಅಲ್ಲಿಯ ಹಳ್ಳಿಯೊಂದರಲ್ಲಿ ಮೂರು ಅಡಿಯ ಕೋಲನ್ನು ನೆಟ್ಟು ನೆರಳನ್ನು ಅಳೆಸಿದೆನು: 2 ಅಡಿ. ಅದೇ ಹೊತ್ತಿಗೆ ಶಾಲೆಯಂಗಳದ ಮರದ ನೆರಳು 28 ಅಡಿ. ತ್ರೈರಾಶಿಕದಿಂದ ಮರದ ಎತ್ತರ 42 ಅಡಿಯೆಂದು ಬಂದಿತು. ಮಕ್ಕಳು ಹಿಗ್ಗಿ, ಕೆರೆಯ ಏರಿಯ ಮೇಲಣ ಮರವನ್ನೂ ಅಳೆಯಲು ಹೊರಟರು. ಆಗ ಒಬ್ಬ ಹುಡುಗಿ ತಡೆದಳು. “ಸ್ವಾಮಿ, ಆ ಮರದ ನೆರಳು ಏರಿಯ ಇಳಿಜಾರಿನ ಮೇಲೆ ಬೀಳುತ್ತದಲ್ಲ, ಲೆಕ್ಕ ತಪ್ಪುವುದಿಲ್ಲವೆ?” ಕೋಲು ನಿಂತಿರುವುದು ಸಮನೆಲದಲ್ಲಿ, ಮರದ ನೆರಳು ಬೀಳುವುದು ಇಳಿಜಾರಿನಲ್ಲಿ, ಹೋಲಿಕೆಯ ಆಧಾರವೇ ಕೆಟ್ಟಿತು. ನಾನು ಉತ್ತರವನ್ನು ಹುಡುಕುತ್ತಿರುವಾಗಲೇ ಮಕ್ಕಳು ತಮ್ಮೊಳಗೆ ಚರ್ಚಿಸಿ, ಮಧ್ಯಾಹ್ನ ಇಳಿದ ಮೇಲೆ ನೆರಳು ಏರಿಯ ಉದ್ದಕ್ಕೇ ಬೀಳುವುದು, ಅಲ್ಲಿ ನೆಲ ಸಮವಾಗಿದೆ, ಅಲ್ಲಿಯವರೆಗೆ ಕಾಯೋಣವೆಂದು ಗೊತ್ತುಮಾಡಿದರು. ಆ ಹೊತ್ತಿಗೆ ಕೋಲಿನ ನೆರಳು 4 ಅಡಿ, ಮರದ್ದು 52 ಅಡಿ. ಎತ್ತರ 39 ಅಡಿ. ಕೋಲನ್ನೂ ಮತ್ತೆ ಅದೇ ಹೊತ್ತಿಗೆ ಅಳೆಯಬೇಕೆಂಬುದನ್ನು ಅವರು ತಾವೇ ಕಂಡುಕೊಂಡರು.

ಮೀಮಾಂಸಕರ ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಜಾರ್ಜ್ ಪೋಲ್ಯನು 1945ರ ಗ್ರಂಥದಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಪ್ರಶ್ನೆಯನ್ನು ತಿಳಿಯುವುದು, ಉಪಾಯವನ್ನು ಯೋಚಿಸುವುದು, ನಡೆಸುವುದು, ಹಿಂದಿರುಗಿ ನೋಡುವುದು. ಇವೆರಡೂ ಒಂದೇ ಎಂದು ಸಾಧಿಸುವ ಹಟ ನನಗಿಲ್ಲ; ಉದ್ದೇಶಗಳೇ ಬೇರೆ. ಆದರೆ ಸಂಶಯವನ್ನು ವಿಧಿವತ್ತಾಗಿ ಒಂದು ಅಂಗವೆಂದು ಎಣಿಸಿದುದು ನಮ್ಮವರ ವಿಶೇಷ.

ಸಂವಹನದ ವಿಷಯ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ಆಚಾರ್ಯರನ್ನು ಅವರ ವಾದಕೌಶಲದಿಂದಲೂ ಕೊಂಡಾಡುತ್ತದೆ. ಸಮಂತಭದ್ರನು ಊರೂರಿನಲ್ಲಿ ವಾದಕ್ಕೆ ಭೇರಿ ಹೊಡೆಸಿದನೆಂದು ಅಲ್ಲಿದೆ. ಭೇರಿಯ ಆಡಂಬರ ತರಗತಿಗೆ ಬೇಡ. ಆದರೆ ಗೌತಮನ ನ್ಯಾಯಸೂತ್ರವು ತತ್ತ್ವವನ್ನರಸುವ ವಾದಕ್ಕೂ, ಗೆಲುವನ್ನೇ ಅರಸುವ ಜಲ್ಪಕ್ಕೂ ಮಾಡಿರುವ ಭೇದವನ್ನು ಹತ್ತು ವರ್ಷದ ಮಕ್ಕಳೂ ಬಲ್ಲರು, ಹೆಸರು ಮಾತ್ರ ತಿಳಿಯದು. ನಾನಿಟ್ಟ ನಿಯಮ ಒಂದೇ: ಎದುರಾಳಿಯ ಮಾತನ್ನು ಅವನು ‘ಹೌದು, ನಾನು ಹೇಳಿದ್ದು ಅದೇ’ ಎನ್ನುವಂತೆ ತಾನು ಅನುವಾದಮಾಡಿದ ಮೇಲೆಯೇ ಉತ್ತರ ಹೇಳತಕ್ಕದ್ದು. ಹಾಸನದಲ್ಲಿ ಇದನ್ನು ಪ್ರಯೋಗಿಸಿದಾಗ ಅರ್ಧ ಜಗಳಗಳು ಅನುವಾದದಲ್ಲಿಯೇ ಮುಗಿದವು.

ಹೀಗೆ ಹೇಳುವ ನಾನು ಬಹುಕಾಲ ಇದಕ್ಕೆ ವಿರುದ್ಧವಾಗಿಯೇ ನಡೆದವನು. ಅರಕಲಗೂಡಿನ ಕಡೆಯ ಹುಡುಗನೊಬ್ಬನು, ಪಾಠದ ನಡುವೆ, ನಾನು ಹೇಳಿದ ಅನ್ವಯವು ಹಿಂದಿನ ದಿನದ ಅನ್ವಯಕ್ಕೆ ವಿರುದ್ಧವೆಂದನು. ‘ಮೊದಲು ಒಪ್ಪಿಸು, ಆಮೇಲೆ ಕೇಳು’ ಎಂದು ಗದರಿಸಿದೆನು. ಅವನು ತಪ್ಪಿಲ್ಲದೆ ಒಪ್ಪಿಸಿದನು. ಆಮೇಲೆ ಎರಡು ವರ್ಷ ನನ್ನಲ್ಲಿ ಓದಿದರೂ ಏನನ್ನೂ ಕೇಳಲಿಲ್ಲ. ಅವನ ಆಕ್ಷೇಪ ಸರಿಯಾಗಿದ್ದಿತೆಂದು ಅಂದು ರಾತ್ರಿ ಪುಸ್ತಕವನ್ನು ತೆರೆದಾಗಲೇ ನನಗೆ ತಿಳಿದಿದ್ದಿತು. ಮರುದಿನ ಹೇಳಲಿಲ್ಲ.

ಕಂಠಪಾಠವನ್ನು ನಾನು ಹಳಿಯುತ್ತಿಲ್ಲ. ಮಗ್ಗಿ ಬಾರದವನಿಗೆ ತ್ರೈರಾಶಿಕವಿಲ್ಲ, ಶಬ್ದರೂಪ ಬಾರದವನಿಗೆ ಅನ್ವಯವಿಲ್ಲ. ಪರೀಕ್ಷೆಯ ಒತ್ತಡದಲ್ಲಿರುವ ಉಪಾಧ್ಯಾಯರಿಗೆ ಹೊತ್ತು ಸಾಲದೆಂಬುದೂ ನಿಜ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿಯು ಚಿಕ್ಕ ತರಗತಿಗಳ ಮಕ್ಕಳಿಗೆ ತಮ್ಮ ವೇಗದಲ್ಲಿ ಕಲಿಯುವ ಅವಕಾಶವನ್ನು ಕೊಟ್ಟಿತು. ಮೇಲಿನ ತರಗತಿಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಪ್ರತಿ ಪಾಠದ ಕಡೆಯ ಹತ್ತು ನಿಮಿಷ ಆಕ್ಷೇಪಕ್ಕೆ ಮೀಸಲಾಗಲಿ. ಉತ್ತರ ತೋಚದಿದ್ದರೆ ಪ್ರಶ್ನೆಯನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದು, ಮರುದಿನದವರೆಗೆ ಅಳಿಸದೆ ಬಿಡತಕ್ಕದ್ದು.