ಬ್ಲೇಡು ಹೊಸದು, ಕೂತದ್ದು ಸೊಟ್ಟ

ಹೊಸ ಬ್ಲೇಡು ಹಾಕಿದ ದಿನವೇ ಕೆನ್ನೆ ಉರಿದರೆ, ಗದ್ದದಡಿ ರಕ್ತ ಜಿನುಗಿದರೆ ಬೈಗುಳ ಬೀಳುವುದು ಬ್ಲೇಡಿಗೆ. ಮುಂದಿನ ಸಲ ಅಂಗಡಿಯಲ್ಲಿ ಬೇರೆ ಕಂಪನಿಯದು ಕೇಳುತ್ತೇವೆ. ಆದರೆ ಹಿಡಿ, ಕೆಳತಟ್ಟೆ, ಮೇಲ್ತಟ್ಟೆ ಎಂದು ಮೂರು ತುಂಡಾಗಿ ಬಿಚ್ಚಿಕೊಳ್ಳುವ ಹಳೆಯ ಮಾದರಿಯ ರೇಜರಿನಲ್ಲಿ ತಪ್ಪು ಬಹಳ ಸಲ ಇರುವುದು ಬ್ಲೇಡಿನಲ್ಲಲ್ಲ, ಅದು ಕೂತ ರೀತಿಯಲ್ಲಿ.

ಎರಡಲುಗಿನ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಗಡ್ಡದ ಒಂದು ಕೂದಲೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಇಷ್ಟು ತೆಳುವಾದ ಉಕ್ಕು ಬೆರಳಲ್ಲಿ ಹಿಡಿದರೇ ಬಳುಕುತ್ತದೆ. ಬರೀ ಬ್ಲೇಡಿನಿಂದ ಯಾರೂ ಗಡ್ಡ ತೆಗೆಯಲಾರರು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಉಪಕರಣದ ಜಾಣ್ಮೆ ಇರುವುದು ಈ ತೆಳು ಬ್ಲೇಡನ್ನು ಬಿಗಿಹಿಡಿಯುವುದರಲ್ಲಿಯೇ. ತೆಳು ಉಕ್ಕಿಗೆ ಹದ ಕೊಟ್ಟು ಅಲುಗು ತೆಗೆಯುವ ಯಂತ್ರಗಳನ್ನು ರೂಪಿಸಿದವರು ಎಂಜಿನಿಯರ್ ವಿಲಿಯಂ ನಿಕರ್ಸನ್. ಆ ಬಳುಕುವ ತಗಡಿಗೆ ಗಟ್ಟಿತನ ಬರುವುದು ಮಾತ್ರ ರೇಜರಿನ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡ ಮೇಲೆ.

ಮೇಲ್ತಟ್ಟೆಯ ಒಳಮೈ ಕಮಾನಿನಂತೆ ಬಾಗಿರುತ್ತದೆ. ಹಿಡಿ ತಿರುಗಿಸಿದಂತೆ ಬ್ಲೇಡೂ ಅದರ ಜೊತೆ ಬಾಗುತ್ತದೆ. ಬಡಗಿಯ ಸ್ಟೀಲ್ ಟೇಪು ಅಡ್ಡಕ್ಕೆ ತುಸು ಬಾಗಿರುವುದರಿಂದಲೇ ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದಲ್ಲ, ಇಲ್ಲೂ ಕೆಲಸ ಮಾಡುವುದು ಅದೇ ತತ್ವ. ಇನ್ನೊಂದು ಲೆಕ್ಕ ಇನ್ನೂ ಮುಖ್ಯ. ತಟ್ಟೆಗಳ ಹಿಡಿತದಿಂದ ಬ್ಲೇಡು ಹೊರಗೆ ಚಾಚಿಕೊಂಡ ಅಳತೆ ಎರಡು ಪಟ್ಟಾದರೆ, ಅದೇ ಒತ್ತಡಕ್ಕೆ ಅಲುಗು ಎಂಟು ಪಟ್ಟು ಬಳುಕುತ್ತದೆ. ಆದ್ದರಿಂದ ಕೂದಲೆಳೆಯಷ್ಟು ಸರಿದರೂ ಮುಖಕ್ಕೆ ಗೊತ್ತಾಗುತ್ತದೆ. ಹೆಚ್ಚು ಚಾಚಿದ ಬದಿ ನಡುಗುತ್ತಾ ಚರ್ಮ ಕಚ್ಚುತ್ತದೆ. ಕಡಿಮೆ ಚಾಚಿದ ಬದಿ ಕೂದಲನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಮುಟ್ಟಲಿಲ್ಲವೆಂದು ನಾವು ಒತ್ತಿ ಎಳೆಯುತ್ತೇವೆ. ಉರಿ ಶುರುವಾಗುವುದೇ ಆಗ.

ಸರಿಯುವುದೇಕೆ? ಬ್ಲೇಡಿನ ನಡುವಿನ ತೂತು ರೇಜರಿನ ಮೊಳೆಗಿಂತ ತುಸು ದೊಡ್ಡದಿರುತ್ತದೆ, ಇರಲೇಬೇಕು, ಇಲ್ಲದಿದ್ದರೆ ಬ್ಲೇಡು ಇಳಿಯುವುದೇ ಇಲ್ಲ. ಆ ಸಂದಿನಲ್ಲಿ ಬ್ಲೇಡು ಅತ್ತಿತ್ತ ಜರುಗುತ್ತದೆ. ಹಿಡಿ ತಿರುಗಿಸುವಾಗ ತಟ್ಟೆಯೂ ಒಂದಿಷ್ಟು ತಿರುಗಿ ಬ್ಲೇಡನ್ನು ಓರೆಗೆ ಎಳೆಯುತ್ತದೆ. ಹಾಗಾಗಿ ಮೇಲ್ತಟ್ಟೆಯನ್ನು ಬೋರಲಾಗಿಸಿ ಅಂಗೈಯಲ್ಲಿಡಿ, ಮೊಳೆ ಮೇಲ್ಮುಖವಾಗಿರಲಿ. ಬ್ಲೇಡನ್ನು ಅದರೊಳಗೆ ಇಳಿಸಿ, ಮೇಲೆ ಕೆಳತಟ್ಟೆ ಕೂರಿಸಿ. ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಅದುಮಿ ಹಿಡಿದುಕೊಂಡೇ ಹಿಡಿ ತಿರುಗಿಸಿ. ಬಿಗಿಯಾದರೆ ಸಾಕು; ಇಕ್ಕಳದ ಬಲ ಹಾಕಿದರೆ ತಿರುಪಿನ ಮರೆ ಸವೆಯುತ್ತದೆ.

ಆಮೇಲೆ ಬೆಳಕಿಗೆ ಹಿಡಿದು ನೋಡಿ. ತಟ್ಟೆಯ ಅಂಚಿನಾಚೆ ಬ್ಲೇಡು ಬೆಳ್ಳಿಗೆರೆಯಂತೆ ಕಾಣುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಗೆರೆ ಒಂದೇ ಅಗಲವಿರಬೇಕು, ರೇಜರ್ ತಿರುಗಿಸಿದರೆ ಇನ್ನೊಂದು ಬದಿಯಲ್ಲೂ ಅಷ್ಟೇ ಇರಬೇಕು. ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಕಂಡರೆ ಸಡಿಲಿಸಿ ಮತ್ತೆ ಕೂರಿಸಿ. ಕೆಲವು ಬ್ಲೇಡುಗಳು ಕಾಗದಕ್ಕೆ ಅಂಟಿರಲೆಂದು ಮೇಣದ ಚುಕ್ಕೆ ಇಟ್ಟಿರುತ್ತಾರೆ. ಅದು ತಟ್ಟೆಯಡಿ ಸಿಕ್ಕಿದರೂ ಬ್ಲೇಡು ಸಮನಾಗಿ ಕೂರುವುದಿಲ್ಲ. ಬಿಸಿನೀರಲ್ಲಿ ಅದ್ದಿ ತೆಗೆಯಿರಿ, ಅಲುಗನ್ನು ಮಾತ್ರ ಬಟ್ಟೆಯಿಂದ ಒರೆಸಬೇಡಿ.

ಇಷ್ಟೆಲ್ಲ ಮಾಡಿದರೂ ಸೊಟ್ಟಗೇ ಕೂರುತ್ತಿದ್ದರೆ ನೀರಿನ ಕಡೆ ನೋಡಬೇಕು. ಆಂಧ್ರದ ಅನಂತಪುರದಿಂದ 2022ರಲ್ಲಿ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯ ಅಗಳಿ, ರೊಳ್ಳ, ಮಡಕಶಿರಾ ಕಡೆ, ಗಡಿಯ ಈಚೆಗೆ ಶಿರಾ, ಪಾವಗಡದ ಕಡೆ ಬದುಕು ನಡೆಯುವುದು ಹೆಚ್ಚಾಗಿ ಕೊಳವೆಬಾವಿಯ ಮೇಲೆ. ಬೇಳೆ ಬೇಯದ, ಸೋಪು ನೊರೆ ಬಿಡದ ನೀರು ಈ ಊರುಗಳಿಗೆ ಹೊಸದಲ್ಲ. ಈ ಸೀಮೆಯಲ್ಲಿ ನೀರೆಂದರೆ ಎಲ್ಲರೂ ಫ್ಲೋರೈಡ್ ಮಾತೆತ್ತುತ್ತಾರೆ. ಹಲ್ಲು, ಮೂಳೆಗೆ ಅದು ದೊಡ್ಡ ಕಂಟಕವೇ, ಆದರೆ ನೊರೆ ಕೆಡಿಸುವುದು ಅದಲ್ಲ, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇವು ಸೋಪಿನ ಕೊಬ್ಬಿನಾಮ್ಲಗಳೊಂದಿಗೆ ಸೇರಿ ನೀರಲ್ಲಿ ಕರಗದ ಬಿಳಿ ಜಿಡ್ಡಾಗುತ್ತವೆ. ಆ ಜಿಡ್ಡು, ನೀರು ಒಣಗಿ ಉಳಿದ ಸುಣ್ಣ, ಎರಡೂ ತಟ್ಟೆಗಳ ಒಳಮೈಗೆ ಪದರ ಪದರವಾಗಿ ಹತ್ತಿಕೊಳ್ಳುತ್ತವೆ. ಬ್ಲೇಡೇ 0.1 ಮಿಲಿಮೀಟರ್ ಇರುವಾಗ ಅದರ ಅರ್ಧದಷ್ಟು ಸುಣ್ಣ ಒಂದು ಮೂಲೆಯಲ್ಲಿ ಕೂತರೂ ಕಮಾನು ಕೆಟ್ಟಿತು.

ಮದ್ದು ದೂರವಿಲ್ಲ. ಹುಣಸೆ ಮಾರುಕಟ್ಟೆಗೆ ಹೆಸರಾದ ಹಿಂದೂಪುರ ಪಕ್ಕದಲ್ಲೇ ಇದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಸುಣ್ಣವನ್ನು ಸಡಿಲಿಸುತ್ತದೆ. ಬ್ಲೇಡು ತೆಗೆದು, ಕಿವುಚಿದ ಹುಣಸೆರಸವನ್ನು ತಟ್ಟೆಗಳಿಗೆ ಹಚ್ಚಿ, ಐದು ನಿಮಿಷ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ನೆನೆಹಾಕುವುದು ಬೇಡ: ಅನೇಕ ರೇಜರುಗಳು ಸತು ಬೆರೆತ ಲೋಹದವು, ಕ್ರೋಮಿಯಂ ಲೇಪ ಸವೆದ ಕಡೆ ಆಮ್ಲ ಲೋಹವನ್ನೇ ತಿನ್ನುತ್ತದೆ. ಗಡ್ಡಕ್ಕೆ ಮಳೆನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನೊರೆ ನಿಲ್ಲುತ್ತದೆ, ನೀರು ಕುಡಿದ ಕೂದಲು ಮೆತ್ತಗಾಗಿ ಕಡಿಮೆ ಬಲಕ್ಕೇ ತುಂಡಾಗುತ್ತದೆ.

ಕೂದಲು ಮೆತ್ತಗಿದ್ದರೂ ಉಕ್ಕನ್ನು ಸೋಲಿಸಬಲ್ಲದು ಎಂಬುದನ್ನು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡರು. ಉಕ್ಕಿಗಿಂತ ಐವತ್ತು ಪಟ್ಟು ಮೃದುವಾದ ಕೂದಲು ಬಾಗಿ, ಓರೆಯಾಗಿ ಅಲುಗಿಗೆ ತಾಗಿದಾಗ ಅಲುಗಿನ ದುರ್ಬಲ ಜಾಗದಲ್ಲಿ ಚೂರು ಎದ್ದು ಬರುತ್ತದೆ. ಬ್ಲೇಡು ಮೊಂಡಾಗುವುದು ಸವೆತದಿಂದ ಮಾತ್ರವಲ್ಲ, ಹೀಗೆ ಚಕ್ಕೆಯೇಳುವುದರಿಂದಲೂ.

ಬ್ಲೇಡಷ್ಟೇ ಅಲ್ಲ, ಅದು ಕೂರುವ ಜಾಗವನ್ನೂ ನೋಡಬೇಕೆಂಬ ಮಾತು ಕ್ಷೌರದಂಗಡಿಗೆ ಹೋಗುವವರಿಗೂ ಸಲ್ಲುತ್ತದೆ. ಅಲ್ಲಿ ಇದೇ ಬ್ಲೇಡನ್ನು ಕಾಗದದ ಸಮೇತ ಬಾಗಿಸಿ ಎರಡು ಮಾಡಿ, ಅರ್ಧವನ್ನು ಮಡಚುವ ಕತ್ತಿಗೆ ಹಾಕುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಭಯದಿಂದ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವುದು ರೂಢಿಗೆ ಬಂದಿದೆ, ಬಹಳ ಒಳ್ಳೆಯದು. ಆದರೆ ಹಿಂದಿನವರ ನೊರೆ, ಕೂದಲು, ಒಮ್ಮೊಮ್ಮೆ ರಕ್ತ ಉಳಿಯುವುದು ಬ್ಲೇಡು ಕೂರುವ ಸಂದಿಯಲ್ಲಿ. ಬ್ಲೇಡು ಬದಲಿಸುವಾಗ ಆ ಸಂದಿಯನ್ನೂ ತೊಳೆದು ಸೋಂಕುನಾಶಕ ಹಾಕಿ ಎಂದು ಕೇಳಲು ಸಂಕೋಚಪಡಬೇಡಿ.